ಪೊನ್ನಿ ಅಂದ್ರೆ ಎಂಟು ಬರುತ್ತೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಮಗುವಿಗೆ ತಮಿಳು ಹೆಸರು ಇಡಬೇಕು, ನಕ್ಷತ್ರವೂ ಹೊಂದಬೇಕು, ನಂಬರೂ ಸರಿಯಾಗಬೇಕು. ಸೇಲಂನಲ್ಲಿ 14 ವರ್ಷ ಸಂಸಾರ ಮಾಡಿದವಳು ನಾನು. ಅದಕ್ಕೇ ಇದನ್ನು ನನ್ನ ಕೈಗೇ ಕೊಟ್ಟಿದ್ದಾರೆ.

ಪ್ರಶ್ನೆ: ಅಕ್ಕ, ನಾನು ಶ್ರೀರಂಗಪಟ್ಟಣದವಳು, ಮದುವೆಯಾಗಿ ಈರೋಡ್‌ಗೆ ಬಂದು ಮೂರು ವರ್ಷ ಆಯಿತು. ಹೆಣ್ಣುಮಗು ಹುಟ್ಟಿ ಇವತ್ತಿಗೆ 18 ದಿನ. ಚಿತ್ತಾ ನಕ್ಷತ್ರ. ನಮ್ಮ ಅಮ್ಮ ಊರಲ್ಲಿ ಪಂಚಾಂಗ ನೋಡಿಸಿ ಎರಡನೇ ಪಾದ, ‘ಪೋ’ ಅಕ್ಷರ ಅಂದರು. ಮಾವನವರ ಜೋಸಿಯರ್ ಮೂರನೇ ಪಾದ, ‘ರಾ’ ಅಂದರು. ಮನೆಯವರಿಗೆ ಅಚ್ಚ ತಮಿಳು ಹೆಸರೇ ಬೇಕು, ‘ರಾ’ದಲ್ಲಿ ತಮಿಳು ಹೆಸರೇ ಇಲ್ಲ ಅಂತಾರೆ. ನನಗೆ ‘ಪೊನ್ನಿ’ ಅಂತ ಇಡುವ ಆಸೆ. ಆದರೆ ಸಂಖ್ಯಾಶಾಸ್ತ್ರದವರು ಎಂಟು ಬರುತ್ತೆ, ಬೇಡ, ಇಲ್ಲಾ ಒಂದು ಅಕ್ಷರ ಸೇರಿಸಿ ಅಂದಿದ್ದಾರೆ. ಯಾರ ಮಾತು ಕೇಳಲಿ? ಮನೆಯವರ ಹೆಸರು ಇಂಗ್ಲಿಷಿನಲ್ಲಿ ‘ಕೆ’ಯಿಂದ ಶುರು.

ಮೊದಲು ಪಾದದ ವಿಷಯ ಮುಗಿಸೋಣ. ನಿಮ್ಮ ಅಮ್ಮನೂ ತಪ್ಪಿರಲಿಕ್ಕಿಲ್ಲ, ಜೋಸಿಯರೂ ತಪ್ಪಿರಲಿಕ್ಕಿಲ್ಲ. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ, ಅದರ ನಾಲ್ಕರಲ್ಲಿ ಒಂದು ಭಾಗ ಪಾದ, ಅಂದರೆ ಸುಮಾರು 6 ಗಂಟೆ. ತಮಿಳುನಾಡಿನಲ್ಲಿ ಎರಡು ಥರದ ಪಂಚಾಂಗ ಓಡುತ್ತವೆ. ಒಂದು ವಾಕ್ಯ ಪಂಚಾಂಗ, ಹಳೇ ಕಾಲದ ವಾಕ್ಯಗಳ ಲೆಕ್ಕದ್ದು. ಅಂಗಡಿಯಲ್ಲಿ ಹಾವಿನ ಚಿತ್ರ ಇರುವ ‘ಪಾಂಬು ಪಂಚಾಂಗಂ’ ನೋಡಿರುತ್ತೀರಲ್ಲ, ಅದು ಇದೇ. ಇನ್ನೊಂದು ತಿರುಕ್ಕಣಿತ ಪಂಚಾಂಗ, ಈಗ ಆಕಾಶದಲ್ಲಿ ಗ್ರಹ ಎಲ್ಲಿದೆಯೋ ಅದಕ್ಕೆ ಹೊಂದಿಸಿದ್ದು. ಎರಡರಲ್ಲೂ ನಕ್ಷತ್ರ ಶುರುವಾಗುವ ಹೊತ್ತು ಒಂದೇ ಇರಲ್ಲ, ಕೆಲವೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸ. ಮಗು ಆ ನಡುವೆ ಹುಟ್ಟಿದರೆ ಒಬ್ಬರಿಗೆ ಎರಡನೇ ಪಾದ, ಇನ್ನೊಬ್ಬರಿಗೆ ಮೂರನೇ ಪಾದ.

ನಿಮ್ಮ ವಿಷಯದಲ್ಲಿ ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಚಿತ್ತಾ ನಕ್ಷತ್ರದ ಮೊದಲೆರಡು ಪಾದ ಕನ್ಯಾ ರಾಶಿಗೆ ಸೇರುತ್ತೆ, ಕಡೆಯ ಎರಡು ತುಲಾ ರಾಶಿಗೆ. ಪಾದ ಬದಲಾದರೆ ರಾಶಿಯೇ ಬದಲು. ನಾಳೆ ಜಾತಕ ಬರೆಸುವಾಗ ಒಂದು ಮನೆಯಲ್ಲಿ ಕನ್ಯಾ, ಇನ್ನೊಂದು ಮನೆಯಲ್ಲಿ ತುಲಾ ಅಂತ ಕೂತುಬಿಡುತ್ತೆ. ಆಸ್ಪತ್ರೆ ಕೊಟ್ಟ ಕಾಗದದಲ್ಲಿ ಹುಟ್ಟಿದ ಹೊತ್ತು ಏನಿದೆ ಅಂತ ನೀವೇ ಕಣ್ಣಾರೆ ನೋಡಿ, ಅತ್ತೆಯವರ ನೆನಪು, ನರ್ಸ್ ಹೇಳಿದ ಮಾತು ಯಾವುದೂ ಬೇಡ. ಆ ಹೊತ್ತು ಕೊಟ್ಟು ಜೋಸಿಯರನ್ನು ನೇರವಾಗಿ ಕೇಳಿ: ನೀವು ನೋಡಿದ್ದು ವಾಕ್ಯವೋ, ತಿರುಕ್ಕಣಿತವೋ? ಜಾತಕ ಯಾವುದರಲ್ಲಿ ಬರೆಸುತ್ತೀರೋ ಪಾದವನ್ನೂ ಅದರಲ್ಲೇ ಹಿಡಿಯಿರಿ.

ಹೆಸರಿನ ಅಕ್ಷರಕ್ಕೆ ಮಾತ್ರ ಇಷ್ಟು ಬಿಗಿ ಇಲ್ಲ. ಚಿತ್ತಾಗೆ ನಾಲ್ಕು ಅಕ್ಷರ: ಪೇ, ಪೋ, ರಾ, ರೀ. ಆ ನಕ್ಷತ್ರದ ನಾಲ್ಕರಲ್ಲಿ ಯಾವುದಾದರೂ ಆದೀತು ಅನ್ನುವ ಜೋಸಿಯರ್ ಬೇಕಾದಷ್ಟು ಜನ ಇದ್ದಾರೆ. ನಿಮ್ಮವರನ್ನೂ ಕೇಳಿ ನೋಡಿ, ಬಹುಶಃ ಒಪ್ಪುತ್ತಾರೆ.

‘ರಾ’ದಲ್ಲಿ ತಮಿಳು ಹೆಸರಿಲ್ಲ ಅಂತ ನಿಮ್ಮ ಮನೆಯವರು ಹೇಳಿದ್ದು ಸರಿ. ತಮಿಳಿನ ಹಳೇ ವ್ಯಾಕರಣ ತೊಲ್ಕಾಪ್ಪಿಯಂ ಪ್ರಕಾರ ಮಾತಿನ ಮೊದಲಲ್ಲಿ ‘ರ’ ಬರುವಂತಿಲ್ಲ, ‘ಲ’ ಕೂಡ ಬರುವಂತಿಲ್ಲ, ‘ಟ’ ಕೂಡ. ಅದಕ್ಕೇ ಹಳೇ ಪುಸ್ತಕಗಳಲ್ಲಿ ರಾಮ ‘ಇರಾಮನ್’ ಆಗುತ್ತಾನೆ, ಲಕ್ಷ್ಮಣ ‘ಇಲಕ್ಕುವನ್’, ಶ್ರೀರಂಗದ ರಂಗ ‘ಅರಂಗನ್’. ಈಗಿನ ಜನ ರಾಜಾ, ರಾಣಿ ಅಂತ ಧಾರಾಳವಾಗಿ ಬರೀತಾರೆ, ಆದರೆ ಅಚ್ಚ ತಮಿಳು ಬೇಕು ಅನ್ನುವವರು ಒಪ್ಪಲ್ಲ. ನಕ್ಷತ್ರಕ್ಕೆ ಅಕ್ಷರ ಹೇಳುವ ಈ 27 ನಕ್ಷತ್ರ, 108 ಪಾದದ ಪಟ್ಟಿ ಸಂಸ್ಕೃತದ ಕಡೆಯಿಂದ ಬಂದದ್ದು. ತಮಿಳಿನ ಕಿವಿಗೆ ಅದನ್ನು ಹೊಂದಿಸಿಕೊಳ್ಳಬೇಕು.

ಹಾಗೇ ‘ಪೋ’ ಅಂದರೆ ದೀರ್ಘವೇ ಆಗಬೇಕು ಅಂತ ಯಾರಾದರೂ ತಕರಾರು ತೆಗೆದರೆ ಹೆದರಬೇಡಿ. ಸಂಸ್ಕೃತದಲ್ಲಿ ಹ್ರಸ್ವ ‘ಒ’ಕಾರವೇ ಇಲ್ಲ. ನಮ್ಮಲ್ಲಿದೆ, ತಮಿಳಿನಲ್ಲೂ ಇದೆ. ‘ಪೊ’, ‘ಪೋ’ ಎರಡನ್ನೂ ಒಂದೇ ಅಂತ ಹಿಡಿಯುವುದೇ ರೂಢಿ.

ಈಗ ಪೊನ್ನಿ. ತಮಿಳರು ಕಾವೇರಿಯನ್ನು ಕರೆಯುವ ಹೆಸರು ಅದು. ನೀವು ಹುಟ್ಟಿದ ಊರನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುವ ಹೊಳೆ, ನೀವು ಸೇರಿದ ಊರಿನ ಪಕ್ಕದಲ್ಲೂ ಹರಿಯುವ ಹೊಳೆ. ತಮಿಳಿನಲ್ಲಿ ಪೊನ್ ಅಂದರೆ ಚಿನ್ನ, ನಮ್ಮ ಹಳಗನ್ನಡದಲ್ಲೂ ಪೊನ್, ಈಗಿನ ಹೊನ್ನು. ಮಗುವಿನ ಅಜ್ಜಿಯರಿಬ್ಬರಿಗೂ ಅರ್ಥವಾಗುವ ಹೆಸರು. ಇಂಥದ್ದು ಹುಡುಕಿದರೂ ಸಿಗಲ್ಲ ತಾಯಿ, ಬಿಟ್ಟುಕೊಡಬೇಡಿ.

ಎಂಟರ ಲೆಕ್ಕ ಹೇಗೆ ಬಂತು ಅಂತ ನೋಡೋಣ. ಇವರೆಲ್ಲ ಹಾಕುವುದು ಇಂಗ್ಲಿಷ್ ಅಕ್ಷರದ ಲೆಕ್ಕ. ನೋಟ್‌ಪ್ಯಾಡ್ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದು, ಒಂದೊಂದರ ಕೆಳಗೆ ಕೆಂಪು ಪೆನ್ನಿನಲ್ಲಿ ಅಂಕಿ ಹಾಕಿ, ಕೂಡಿಸಿ, ಕೊನೆಗೆ ಒಂದು ಸುತ್ತು ಎಳೀತಾರೆ. ಪಿ ಅಂದರೆ 8, ಓ ಅಂದರೆ 7, ಎನ್ 5, ಇನ್ನೊಂದು ಎನ್ 5, ಐ 1. ಒಟ್ಟು 26. ಎರಡೂ ಆರೂ ಕೂಡಿದರೆ 8. ಎಂಟು ಶನಿಯ ಸಂಖ್ಯೆ ಅಂತ ಅವರ ನಂಬಿಕೆ, ಹಾಗಾಗಿ ಭಯ.

ಅಕ್ಷರ ಸೇರಿಸಿ ಅಂದರಲ್ಲ, ಸೇರಿಸಿ ನೋಡಿ. ಕೊನೆಗೆ ‘ಇ’ ಹಾಕಿದರೆ 31, ಅಂದರೆ 4, ರಾಹುವಿನದ್ದು, ಅದನ್ನೂ ಬೇಡ ಅಂತಾರೆ. ಐ ತೆಗೆದು ವೈ ಹಾಕಿದರೂ ಅದೇ 26, ಯಾಕೆಂದರೆ ಎರಡಕ್ಕೂ ಒಂದೇ ಅಂಕಿ. ಒಂದು ಎನ್ ತೆಗೆದರೆ 21, ಅಂದರೆ 3, ನಂಬರೇನೋ ಚೆನ್ನಾಗಿ ಬಂತು, ಆದರೆ ಶಾಲೆಯಲ್ಲಿ ಮಗುವನ್ನು ‘ಪೋನಿ’ ಅಂತ ಕರೀತಾರೆ. ಇಂಗ್ಲಿಷಿನಲ್ಲಿ ಅದು ಕುದುರೆಮರಿಯಂಥ ಪುಟ್ಟ ಕುದುರೆ. ಚಿನ್ನದ ಹೊಳೆ ಹೋಗಿ ಕುದುರೆ ಬಂತು.

ಒಂದು ದಾರಿ ಇದೆ. ಸಂಖ್ಯಾಶಾಸ್ತ್ರದವರಲ್ಲೇ ಬಹಳ ಜನ ಇನಿಷಿಯಲ್ ಸೇರಿಸಿ ಎಣಿಸುತ್ತಾರೆ, ತಮಿಳರಿಗೆ ತಂದೆಯ ಇನಿಷಿಯಲ್ ಹೆಸರಿನ ಭಾಗವೇ ಅಲ್ವಾ. ಕೆ ಅಂದರೆ 2. 26ಕ್ಕೆ 2 ಸೇರಿ 28, ಎರಡೂ ಎಂಟೂ 10, ಅಂದರೆ 1. ಸೂರ್ಯನ ಸಂಖ್ಯೆ, ಅವರೇ ಮೆಚ್ಚುವಂಥದ್ದು. ಒಂದಕ್ಷರ ಮುಟ್ಟದೆ ಮುಗಿಯಿತು. ಅದಕ್ಕೂ ಒಪ್ಪದೆ ಅತ್ತೆ ಮಾವ ಕಳವಳಪಟ್ಟರೆ ‘ಪೊನ್ನಿಲಾ’ ಅಂತ ಬರೆಸಿ, ಪೊನ್ ಮತ್ತು ನಿಲಾ, ಚಿನ್ನದ ಚಂದಿರ. ಎಲ್ 3, ಎ 1 ಸೇರಿ 30, ಅಂದರೆ 3. ಇನಿಷಿಯಲ್ ಜೊತೆ 32, ಅಂದರೆ 5. ಎರಡೂ ಅವರಿಗೆ ಇಷ್ಟದ ಸಂಖ್ಯೆಗಳೇ. ಮನೆಯಲ್ಲಿ ನೀವು ಪೊನ್ನಿ ಅಂತಲೇ ಕೂಗಿ.

ನನ್ನ ಮನಸ್ಸಿನ ಮಾತು ಕೇಳುವುದಾದರೆ, ಬರೀ ಪೊನ್ನಿ ಸಾಕು. ಈ ಅಂಕಿಗಳ ಪಟ್ಟಿ ತಮಿಳರದ್ದೂ ಅಲ್ಲ, ಕನ್ನಡಿಗರದ್ದೂ ಅಲ್ಲ. ಚಾಲ್ಡಿಯನ್ ಅಂತ ಹೆಸರಿಟ್ಟು ಇದನ್ನು ಲೋಕಕ್ಕೆಲ್ಲ ಹಬ್ಬಿಸಿದವರಲ್ಲಿ ಮುಖ್ಯನಾದವನು ಐರ್ಲೆಂಡಿನ ಕೈನೋಡುವವ ಕೀರೋ, ತೀರಿಕೊಂಡದ್ದು 1936ರಲ್ಲಿ. ತಮಿಳರಿಗೆ ಅವರದ್ದೇ ಅಂಕಿಗಳಿವೆ. ಅದರಲ್ಲಿ ‘ಕ’ ಅಕ್ಷರದ ರೂಪವೇ ಒಂದು, ‘ಉ’ ಎರಡು, ‘ಅ’ ಎಂಟು. ಅ ಅಂದರೆ ಎಂಟು! ಅಮ್ಮ ಅನ್ನುವ ಮಾತು ಶುರುವಾಗುವ ಅಕ್ಷರ. ಆ ಎಂಟಕ್ಕೆ ಯಾರೂ ಹೆದರಿದ್ದು ನಾನು ಕೇಳಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿರುವ ತಮಿಳು ಮನೆತನ, ಓದುಬರಹ ಎಲ್ಲ ಕನ್ನಡ. ಮಗಳಿಗೆ ‘ಯಾಳಿನಿ’ ಅಂತ ಆರಿಸಿದ್ದೇವೆ. ಇಂಗ್ಲಿಷಿನಲ್ಲಿ ಆ ‘ಳ’ಕಾರಕ್ಕೆ ಝಡ್ ಹೆಚ್ ಹಾಕಿದರೆ ಸಂಖ್ಯೆ ಕೆಡುತ್ತೆ, ಬರೀ ಎಲ್ ಹಾಕಿ ಅಂತ ಒಬ್ಬರು ಹೇಳಿದರು. ಸಿನಿಮಾದವರು, ರಾಜಕೀಯದವರು ಕೂಡ ಸ್ಪೆಲಿಂಗ್ ಬದಲಾಯಿಸುತ್ತಾರಲ್ಲ?

ನಿಮಗೆ ಅದನ್ನು ಹೇಳಿದವರು ಕೂಡಿಸಿ ನೋಡಿಲ್ಲ. ಝಡ್ 7, ಹೆಚ್ 5, ಸೇರಿ 12, ಅಂದರೆ 3. ಎಲ್ ಕೂಡ 3! ಚಾಲ್ಡಿಯನ್ ಲೆಕ್ಕದಲ್ಲಿ ಯಾವ ಹೆಸರೇ ತಗೊಳ್ಳಿ, ಝಡ್ ಹೆಚ್ ಹಾಕಿದರೂ ಎಲ್ ಹಾಕಿದರೂ ಕೊನೆಯ ಅಂಕಿ ಬದಲಾಗಲ್ಲ. ಯಾಳಿನಿಗೆ ಒಂದರಲ್ಲಿ 21, ಇನ್ನೊಂದರಲ್ಲಿ 12, ಎರಡೂ 3. ನೆಮ್ಮದಿಯಾಗಿ ಝಡ್ ಹೆಚ್ ಹಾಕಿ.

ಯಾಳ್ ಅಂದರೆ ತಮಿಳರ ಹಳೇ ತಂತಿವಾದ್ಯ. ಅದರಲ್ಲಿರುವುದು ತಮಿಳು ಅನ್ನುವ ಹೆಸರಿನ ಕೊನೆಯಲ್ಲೇ ಇರುವ ಅಕ್ಷರ, ನಾಲಿಗೆ ಹಿಂದಕ್ಕೆ ಮಡಿಸಿ ಹೇಳುವಂಥದ್ದು. ನಮ್ಮಲ್ಲೂ ಇತ್ತು, ಹಳಗನ್ನಡದ ೞ. ಏೞು, ಬಾೞೆ, ಕೋೞಿ ಅಂತ ಬರೀತಿದ್ದರು, ನಾವು ಅದನ್ನು ಬಿಟ್ಟು ‘ಳ’ ಮಾಡಿಕೊಂಡೆವು. ಅವರು ಇನ್ನೂ ಉಳಿಸಿಕೊಂಡಿದ್ದಾರೆ, ನಿಮ್ಮ ಮಗಳ ಹೆಸರಿನಲ್ಲೂ ಉಳಿಯಲಿ.

ದೊಡ್ಡವರ ವಿಷಯ ಕೇಳಿದಿರಿ. ಜಯಲಲಿತಾ 2001ರಲ್ಲಿ ಇಂಗ್ಲಿಷ್ ಹೆಸರಿನ ಕೊನೆಗೆ ಇನ್ನೊಂದು ‘ಎ’ ಸೇರಿಸಿಕೊಂಡರು. ನಮ್ಮ ಯಡಿಯೂರಪ್ಪನವರು 2007ರಲ್ಲಿ ಒಂದು ‘ಐ’ ತೆಗೆದು ಎರಡು ‘ಡಿ’ ಮಾಡಿಕೊಂಡರು, 2019ರಲ್ಲಿ ಮತ್ತೆ ಹಳೆಯದಕ್ಕೇ ಬಂದರು. ಅವರವರ ನಂಬಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಗಮನಿಸಿ. ತಮಿಳು ಪೇಪರುಗಳಲ್ಲಿ ಜಯಲಲಿತಾ ಅಂತ ಬರೆಯುವುದರಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಕನ್ನಡದಲ್ಲಿ ಯಡಿಯೂರಪ್ಪ ಯಡಿಯೂರಪ್ಪನೇ. ಜನ ಬಾಯಲ್ಲಿ ಕರೆದದ್ದು ಮೊದಲೂ ಒಂದೇ, ಆಮೇಲೂ ಒಂದೇ.

ಇನ್ನು ನನ್ನ ಮನೆಯ ಕಥೆ. ಮಗ ಹುಟ್ಟಿದ್ದು ಮಗಂ ನಕ್ಷತ್ರ, ನಾವು ಮಘಾ ಅನ್ನುತ್ತೇವಲ್ಲ, ಅದು. ಮೂರನೇ ಪಾದ, ‘ಮು’ ಅಕ್ಷರ. ಮುಗಿಲನ್ ಅಂತ ಇಟ್ಟೆವು. ಮುಗಿಲು ನಮಗೂ ಗೊತ್ತಿರುವ ಮಾತು, ನನ್ನ ಅಪ್ಪನಿಗೆ ಹೆಸರು ಕೇಳಿದ ತಕ್ಷಣ ಖುಷಿಯಾಯಿತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಜನನ ಪತ್ರದಲ್ಲಿ ಇಂಗ್ಲಿಷಿನಲ್ಲಿ ‘ಕೆ’ ಹಾಕಿದ್ದರು. ಮೂರು ವರ್ಷ ಆದ ಮೇಲೆ ಸಂಖ್ಯಾಶಾಸ್ತ್ರದವರೊಬ್ಬರು ನೋಡಿ, ಕೆ ಇದ್ದರೆ 22, ಅಂದರೆ 4, ‘ಜಿ’ ಮಾಡಿ, 23 ಆಗುತ್ತೆ, ಅಂದರೆ 5, ತುಂಬಾ ಒಳ್ಳೆಯದು ಅಂದರು. ಶಾಲೆಗೆ ಸೇರಿಸುವಾಗ ಜಿ ಅಂತ ಬರೆಸಿದೆವು. ಆಧಾರ್‌ನಲ್ಲಿ ಕೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ದಿನ ಕೌಂಟರಿನಲ್ಲಿದ್ದ ಹುಡುಗಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಆ ಒಂದು ಅಕ್ಷರದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ನನ್ನ ಕಡೆ ತಿರುಗಿಸಿದಳು. ಅಫಿಡವಿಟ್ಟು, ಶಾಲೆಯ ಪತ್ರ, ಆಧಾರ್ ತಿದ್ದುಪಡಿ ಅಂತ ಐದು ತಿಂಗಳು ಓಡಾಡಿದೆವು. ಆ ರಜೆಯಲ್ಲಿ ಅವನ ಚಿಕ್ಕಪ್ಪನ ಮದುವೆಗೆ ಸಿಂಗಾಪುರಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತೆ.

ನಂಬರು ನೋಡಿಸುವುದಿದ್ದರೆ ಜನನ ಪತ್ರಕ್ಕೆ ಮೊದಲು ನೋಡಿಸಿ. ಆಮೇಲೆ ಯಾರು ಏನೇ ಹೇಳಿದರೂ ಒಂದಕ್ಷರ ಅಲ್ಲಾಡಿಸಬೇಡಿ.

ಪ್ರಶ್ನೆ: ಮಗು ಆರ್ದ್ರಾ ನಕ್ಷತ್ರ, ಮೂರನೇ ಪಾದ. ‘ಙ’ ಅಕ್ಷರದಲ್ಲಿ ಹೆಸರಿಡಿ ಅಂತ ಪುಸ್ತಕದಲ್ಲಿದೆ. ಇದರಲ್ಲಿ ಯಾವ ಹೆಸರು ಇದೆ ಮೇಡಂ? (ಹೊಸೂರು)

ಯಾವುದೂ ಇಲ್ಲ. ಆರ್ದ್ರಾಗೆ ಕು, ಘ, ಙ, ಛ ಅಂತ ಕೊಟ್ಟಿದ್ದಾರೆ. ತಮಿಳಿನಲ್ಲಿ ಘ, ಛ ಅನ್ನುವ ಅಕ್ಷರಗಳೇ ಇಲ್ಲ. ಹಾಗಾಗಿ ಅಲ್ಲಿಯ ಜೋಸಿಯರ್ ಸಾಮಾನ್ಯವಾಗಿ ಕು, ಕ, ಚ ಅಂತ ಹಿಡಿಯುತ್ತಾರೆ. ಹೆಣ್ಣಾದರೆ ಕುಳಲಿ, ಕಯಲ್ವಿಳಿ, ಗಂಡಾದರೆ ಕದಿರವನ್, ಕಬಿಲನ್.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ಆರ್ದ್ರಾಗೆ ತಮಿಳಿನಲ್ಲಿ ತಿರುವಾದಿರೈ ಅಂತಾರೆ. ಹೆಣ್ಣುಮಗುವಾದರೆ ಆ ನಕ್ಷತ್ರದ ಹೆಸರನ್ನೇ ಇಡಬಹುದು, ಆದಿರೈ. ಮಣಿಮೇಕಲೈ ಕಾವ್ಯದಲ್ಲಿ ಅಕ್ಷಯಪಾತ್ರೆಗೆ ಮೊದಲ ಭಿಕ್ಷೆ ಹಾಕಿದವಳ ಹೆಸರೂ ಆದಿರೈ. ಗಂಗೈಕೊಂಡ ಚೋಳಪುರ ಕಟ್ಟಿಸಿದ ರಾಜೇಂದ್ರ ಚೋಳ ಹುಟ್ಟಿದ್ದೂ ಇದೇ ನಕ್ಷತ್ರದಲ್ಲಿ, ಅಲ್ಲಿ ಆಡಿ ತಿಂಗಳ ತಿರುವಾದಿರೈ ದಿನ ಹಬ್ಬ ಮಾಡ್ತಾರೆ. ನಕ್ಷತ್ರವೇ ಹೆಸರಾದ ಮೇಲೆ ಅದರ ಅಕ್ಷರ ಹುಡುಕುವ ಕೆಲಸವೇ ಇಲ್ಲ.

ಪ್ರಶ್ನೆ: ಅತ್ತೆಗೆ ತೀರಿಹೋದ ಮಾವನವರ ಹೆಸರೇ ಮೊಮ್ಮಗನಿಗೆ ಬೇಕು. ಗಂಡನಿಗೆ ಸಂಸ್ಕೃತ ಬೇಡ, ತಮಿಳು ಹೆಸರು ಬೇಕು. ನಕ್ಷತ್ರದ ಅಕ್ಷರ ಬೇರೆಯೇ. ದಿನಾ ಜಗಳ. (ಕೃಷ್ಣಗಿರಿ)

ನಿಮ್ಮ ಅತ್ತೆ ಕೇಳುತ್ತಿರುವುದೇ ತಮಿಳರ ಹಳೇ ಪದ್ಧತಿ, ಅದನ್ನು ಗಂಡನಿಗೆ ಹೇಳಿ. ತಮಿಳಿನಲ್ಲಿ ಮೊಮ್ಮಗನಿಗೆ ಪೇರನ್ ಅಂತಾರಲ್ಲ, ಅದು ಪೆಯರನ್ ಅನ್ನುವುದರಿಂದ ಬಂದದ್ದು. ಪೆಯರ್ ಅಂದರೆ ಹೆಸರು, ನಮ್ಮ ಹಳಗನ್ನಡದ ಪೆಸರ್ ಅದರ ಒಡಹುಟ್ಟು. ಅಜ್ಜನ ಹೆಸರು ಹೊತ್ತವನೇ ಪೇರನ್.

ಮಾವನವರ ಹೆಸರು ಸಂಸ್ಕೃತದ್ದಾದರೆ ಅದರ ಅರ್ಥ ಹಿಡಿದು ತಮಿಳು ಮಾಡಬಹುದು. ಸ್ವಾಮಿ ವೇದಾಚಲಂ ಅನ್ನುವವರು ಹಾಗೇ ಮರೈಮಲೈ ಅಡಿಗಳ್ ಆದರು: ವೇದ ಅಂದರೆ ಮರೈ, ಅಚಲ ಅಂದರೆ ಮಲೈ, ಸ್ವಾಮಿ ಅಂದರೆ ಅಡಿಗಳ್. 1916ರಲ್ಲಿ ತನಿತ್ತಮಿಳ್, ಅಂದರೆ ಅಚ್ಚತಮಿಳಿನ ಚಳವಳಿ ಶುರು ಮಾಡಿದವರು ಅವರೇ. ಆಮೇಲೆ ದ್ರಾವಿಡ ಚಳವಳಿಯ ಕಾಲದಲ್ಲಿ ನಾರಾಯಣಸಾಮಿ ನೆಡುಂಚೆಳಿಯನ್ ಆದರು, ರಾಮಯ್ಯ ಅನ್ಬಳಗನ್ ಆದರು. ಇಬ್ಬರೂ ಮಂತ್ರಿಗಳಾಗಿ ದೊಡ್ಡ ಹೆಸರು ಮಾಡಿದವರು. ಮಾವನವರು ಚಂದ್ರನಾದರೆ ಮಗು ಮದಿ, ಭಾಸ್ಕರನಾದರೆ ಕದಿರವನ್. ಅತ್ತೆಗೆ ಅರ್ಥ ಉಳಿಯಿತು, ಗಂಡನಿಗೆ ತಮಿಳು ಉಳಿಯಿತು. ನಕ್ಷತ್ರದ ಹೆಸರನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳಿ, ಜಾತಕದಲ್ಲಿ ಬರೆಸಿ, ಸಾಕು. ಎಷ್ಟೋ ಮನೆಗಳಲ್ಲಿ ನಾನು ನೋಡಿದ್ದೇ ಹೀಗೆ.

ಅತ್ತೆಯವರ ಜೊತೆ ಮಾತಾಡುವಾಗ ಸ್ವಲ್ಪ ಮೆತ್ತಗೆ ಮಾತಾಡಿ. ಗಂಡನ ಹೆಸರನ್ನು ಅವರು ಜೀವಮಾನದಲ್ಲಿ ಬಾಯಿಬಿಟ್ಟು ಕರೆದಿರಲಿಕ್ಕಿಲ್ಲ. ಮೊಮ್ಮಗನ ನೆಪದಲ್ಲಾದರೂ ಕರೆಯಬೇಕು ಅಂತ ಆಸೆ ಇರಬಹುದು.

ಪ್ರಶ್ನೆ: ಮಗು ಹುಟ್ಟಿ ಎರಡು ವಾರ. ಜೋಸಿಯರ್ ಒಂದು ತಿಂಗಳು ತಡೆದು ಹೆಸರಿಡಿ ಅಂತಾರೆ. ಜನನ ನೋಂದಣಿ ತಡವಾದರೆ ತೊಂದರೆ ಆಗಲ್ವಾ? (ಕೊಯಮತ್ತೂರು)

ನೋಂದಣಿ ಬೇರೆ, ಹೆಸರು ಬೇರೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರು ಖಾಲಿ ಬಿಟ್ಟೂ ಮಾಡಿಸಬಹುದು. ಹೆಸರು ಸೇರಿಸಲು 12 ತಿಂಗಳು ಸಮಯ ಇದೆ, ಶುಲ್ಕ ಇಲ್ಲ. ಅದು ದಾಟಿದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು, ಆದರೆ ಅಷ್ಟು ಎಳೆಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪತ್ರವೇ ಆಧಾರ. ಅದರಲ್ಲಿ ಬಿದ್ದದ್ದೇ ಹೆಸರು.

ತಮಿಳುನಾಡಿನ ಪತ್ರದಲ್ಲಿ ಹೆಸರು ತಮಿಳು, ಇಂಗ್ಲಿಷ್ ಎರಡರಲ್ಲೂ ಇರುತ್ತೆ. ನಾವು ಕನ್ನಡದವರು ಇಂಗ್ಲಿಷ್ ಮಾತ್ರ ನೋಡಿ ಸರಿ ಅಂದುಬಿಡುತ್ತೇವೆ. ತಮಿಳಿನಲ್ಲಿ ‘ನ’ ಥರದ ಅಕ್ಷರ ಮೂರು, ‘ಲ’ ಥರದ್ದು ಮೂರು, ‘ರ’ ಎರಡು. ಅಚ್ಚು ಹಾಕುವ ಮುಂಚೆ ತಮಿಳು ಓದಲು ಬರುವ ಒಬ್ಬರನ್ನು ಕರ್ಕೊಂಡು ಹೋಗಿ, ಆ ಹೆಸರನ್ನು ಜೋರಾಗಿ ಓದಿಸಿ. ನೀವು ಮನೆಯಲ್ಲಿ ಕರೆಯುವ ಹಾಗೇ ಕೇಳಿಸಿದರೆ ಸಹಿ ಮಾಡಿ.